ಬ್ಯಾನರಿನಲ್ಲಿ ನನ್ನ ಕೈ

ಫ್ರೆಂಡ್ಸ್, ಇವತ್ತು ಗುಂಡ್ಲುಪೇಟೆ ಬಸ್ ಸ್ಟ್ಯಾಂಡ್ ಎದುರು ನನ್ನನ್ನೇ ನೋಡಿದೆ. ಪೂರ್ತಿ ಅಲ್ಲ.

ನಮ್ಮ ಮಾವನ ಸೀರೆ ಅಂಗಡಿಯ ಬ್ಯಾನರಿಗೆ ಹೋದ ತಿಂಗಳು ನಾನು ಫೋಟೋ ತೆಗೆಸಿಕೊಂಡಿದ್ದೆ. ಹಾಸ್ಟೆಲ್ಲಿಗೆಲ್ಲ ಹೇಳಿಕೊಂಡಿದ್ದೆ. ಇವತ್ತು ರೂಮ್‌ಮೇಟ್ ಶ್ವೇತಾಳನ್ನು ಚಾಮರಾಜನಗರದಿಂದ ಕರೆದುಕೊಂಡು ಬಂದು ನೋಡಿದರೆ, ಸೀರೆ ನಾನುಟ್ಟದ್ದೇ, ಸೆರಗು ಹಿಡಿದ ಕಪ್ಪು ಕೈ ನನ್ನದೇ. ಮುಖ ಮಾತ್ರ ಇಂಟರ್ನೆಟ್ಟಿನ ಯಾವುದೋ ಬೆಳ್ಳನೆಯ ಹುಡುಗಿಯದು.

"ಲೇ, ಇದರಲ್ಲಿ ನೀನೆಲ್ಲೇ?" ಎಂದಳು ಶ್ವೇತಾ.

"ಕುತ್ತಿಗೆಯಿಂದ ಕೆಳಗೆ" ಎಂದೆ. ಅವಳ ನಗು ನಿಲ್ಲಲೇ ಇಲ್ಲ.

ಅಂಗಡಿಗೆ ಹೋಗಿ ಕೇಳಿದರೆ ಮಾವ ಟೀ ತರಿಸಿದರು. "ಬೇಜಾರ್ ಮಾಡ್ಕಬ್ಯಾಡ ಕಣಮ್ಮಿ. ಮೊಕ ಬೆಳ್ಗಿದ್ರೇನೆ ಗಿರಾಕಿ ಒಳಕ್ ಬರೋದು ಅಂದ ಸ್ಟುಡಿಯೋದವ್ನು. ಆದ್ರೂ ಸೀರೆ ನಿಂಗೇ ಒಪ್ಪಿತ್ತು, ಅದ್ಕೇ ಮೈ ನಿಂದೇ ಮಡಗ್ಸಿವ್ನಿ."

"ನನ್ನ ಮುಖ ಇರೋ ಫೋಟೋ ಎಲ್ಲಿ ಮಾವ?"

"ಅದ್ನ ಅಳಿಸ್ಬುಟ್ಟ ಕಣವ್ವ."

ಬ್ಯಾನರ್ ಬೇಡವಾಗಿತ್ತು, ಪ್ರಾಮಿಸ್. ಆ ಸೀರೆಯಲ್ಲಿ, ಆ ಲೈಟಿನ ಕೆಳಗೆ ನಾನು ಹೇಗೆ ಕಾಣುತ್ತಿದ್ದೆ ಎಂದು ಒಂದು ಸಲ ನೋಡಬೇಕಿತ್ತು, ಅಷ್ಟೇ.

ವಾಪಸು ಬರುವಾಗ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ತೆರಕಣಾಂಬಿಗೆ ಟಿಕೆಟ್ ತೆಗೆದ ಅಜ್ಜಿಯೊಬ್ಬರು ಕಿಟಕಿಯಾಚೆ ಬ್ಯಾನರ್ ನೋಡಿ, "ಏನ್ ಚೆಂದಾಗವ್ಳೆ ಈ ಮಗ!" ಎಂದರು.

ಬಾಯಿ ತಡೆಯಲಿಲ್ಲ. "ಥ್ಯಾಂಕ್ಸ್ ಅಜ್ಜಿ" ಎಂದುಬಿಟ್ಟೆ.

ಅಜ್ಜಿ ತಿರುಗಿ, ಇವಳಿಗೆಲ್ಲೋ ತಲೆ ಕೆಟ್ಟಿದೆ ಎಂಬಂತೆ ನನ್ನನ್ನು ದಿಟ್ಟಿಸಿದರು. ಪರವಾಗಿಲ್ಲ. ಇವತ್ತಿಡೀ ನನ್ನ ಮುಖವನ್ನು ಅಷ್ಟು ಹೊತ್ತು ನೋಡಿದವರು ಅವರೊಬ್ಬರೇ.