ಆಯುಧಪೂಜೆಯ ಗಿಡ್ಡ ಕಾಡತೂಸು

1999ರಲ್ಲಿ ನಾನು ಬ್ಯಾಲಿಸ್ಟಿಕ್ಸ್ ವಿಭಾಗದಲ್ಲಿ, ಅಂದರೆ ಬಂದೂಕು-ಗುಂಡು ಪರೀಕ್ಷಿಸುವ ಲ್ಯಾಬಿನಲ್ಲಿ, ಹೊಸ ಸಹಾಯಕ. ದೀಪಾವಳಿ ಪಟಾಕಿಗೂ ಮಂಚದ ಕೆಳಗೆ ಸೇರುವ ನನ್ನನ್ನು ಆರಿಸಿದವರ ಧೈರ್ಯ ದೊಡ್ಡದು. ಆಯುಧಪೂಜೆಯ ಮರುವಾರ ಒಂದು ಕೇಸಿಗಾಗಿ ಹಗರಿಬೊಮ್ಮನಹಳ್ಳಿ ಠಾಣೆಗೆ ಕಳಿಸಿದರು.

ತಂಬ್ರಹಳ್ಳಿಯ ಬಸವನಗೌಡರಲ್ಲಿ ಲೈಸೆನ್ಸ್ ಇದ್ದ ಹಳೆಯ ಅಮೆರಿಕನ್ ರೈಫಲ್ ಇತ್ತು. ವರ್ಷಕ್ಕೊಮ್ಮೆ ಪೂಜಿಸಿ ಆಕಾಶಕ್ಕೆ ಒಂದು ಗುಂಡು ಹಾರಿಸುವುದು ಮನೆತನದ ಪದ್ಧತಿ. ಈ ಸಲ ಬೆಂಕಿ ಹಿಂದಕ್ಕೆ ನುಗ್ಗಿ ಗೌಡರ ಬಲಗಣ್ಣು ಹೋಗಿತ್ತು. ಹಬ್ಬದ ಮುಂಚೆ ರೈಫಲ್ ನೋಡಿಕೊಟ್ಟಿದ್ದ ಕೊಟ್ಟೂರಿನ ಬಂದೂಕು ಮೆಕ್ಯಾನಿಕ್ ಮೆಹಬೂಬ್ ಸಾಬರ ಮೇಲೆ ದೂರು. ಠಾಣೆಯಲ್ಲಿ ಗೌಡರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದರು. ದೂರು ಕೊಟ್ಟು ಎಗರಾಡುತ್ತಿದ್ದವನು ಅವರ ತಮ್ಮ ವೀರೇಶ.

“ಏನ್ ರಿಪೇರಿ ಮಾಡಿದ್ಯೋ? ನಮ್ಮಣ್ಣನ ಕಣ್ಣು ತಂದು ಕೊಡ್ತಿಯೇನ್ಲೇ?”

“ಅಲ್ಲಾನ ಆಣಿ ಗೌಡ್ರ, ಎಣ್ಣಿ ಹಾಕಿ ಒರಸೀನ್ರಿ, ಅಷ್ಟ. ಜೈಲಿಗೆ ಹಾಕಿಸಬ್ಯಾಡ್ರಿ, ಮೂರು ಹೆಣ್ಮಕ್ಕಳದಾವ.”

ರೈಫಲ್‌ನೊಳಗೆ ಸಿಕ್ಕಿದ್ದ ಕಾಡತೂಸಿನ ಖಾಲಿ ಹಿತ್ತಾಳೆ ಕೋಶ ನೋಡಿದೆ. ಕುತ್ತಿಗೆ ಹರಿದಿದ್ದ ಆ ಆಕಾರ ಯಾವ ಪುಸ್ತಕದಲ್ಲೂ ಇರಲಿಲ್ಲ. ಅಮೆರಿಕದವರಿಗೇ ಗೊತ್ತಿಲ್ಲದ ಕಾಡತೂಸು ಕಂಡುಹಿಡಿದೆ ಎಂದು ಎದೆ ಉಬ್ಬಿತು. ಮನಸ್ಸಿನಲ್ಲೇ ಅದಕ್ಕೆ ನನ್ನ ಹೆಸರನ್ನೂ ಇಟ್ಟುಬಿಟ್ಟೆ. ಆಮೇಲೆ ಕೋಶದ ತಳ ಉಜ್ಜಿದರೆ ‘308’ ಎಂಬ ಅಚ್ಚು!

ಗೌಡರ ರೈಫಲ್ಲಿನದು ಥರ್ಟಿ-ಓ-ಸಿಕ್ಸ್. ‘ಥರ್ಟಿ’ ನಳಿಗೆಯ ಅಗಲ, ಅಂಗುಲದ ನೂರರಲ್ಲಿ ಮೂವತ್ತು ಪಾಲು. ‘ಓ-ಸಿಕ್ಸ್’ ಅಮೆರಿಕದ ಸೈನ್ಯ ಅದನ್ನು ಒಪ್ಪಿಕೊಂಡ ಇಸವಿ, 1906. ಮದ್ದು ಸುಧಾರಿಸಿದ ಮೇಲೆ ಅಷ್ಟು ಉದ್ದದ ಕೋಶ ಬೇಕಾಗಲಿಲ್ಲ. 1952ರಲ್ಲಿ ಅದೇ ದಪ್ಪದ ಗುಂಡಿಗೆ ಹನ್ನೆರಡು ಮಿಲಿಮೀಟರ್ ಗಿಡ್ಡ ಕೋಶದ ತ್ರೀ-ನಾಟ್-ಎಯ್ಟ್, ಅಂದರೆ ಈ 308, ಬಂತು. ಗಿಡ್ಡದ್ದು ಉದ್ದನೆಯದಕ್ಕೆಂದು ನಳಿಗೆಯ ಬುಡದಲ್ಲಿ ಕೊರೆದ ಮನೆಯೊಳಗೆ ಹೋಗುತ್ತದೆ, ಹಾರುತ್ತದೆ ಕೂಡ. ಆದರೆ ಕುತ್ತಿಗೆಗೆ ಆಸರೆಯಿಲ್ಲದೆ ಕೋಶ ಉಬ್ಬಿ, ಆಕಾರಗೆಟ್ಟು, ಸೀಳಿ ಬೆಂಕಿ ಹಿಂದಕ್ಕೆ ಬರುತ್ತದೆ.

ಕುಸ್ತಿ ಗೆದ್ದವನ ಹಾಗೆ ಸಾರಿದೆ: “ರಿಪೇರಿ ತಪ್ಪಲ್ಲ, ಕಾಡತೂಸು ತಪ್ಪು! ಯಾವ ಮಹಾನುಭಾವ ತಂದದ್ದು?”

ವೀರೇಶ ಅಣ್ಣನ ಕಡೆ ತಿರುಗಿದ. “ಉದ್ದಂದು ಎಲ್ಲೂ ಸಿಗಲಿಲ್ಲಣ್ಣಾ... ಗುಂಡು ಒಂದ ಸೈಜ್ ಐತಿ, ನಡೀತೈತಿ ಅಂತ ಅಂಗಡಿಯವ್ರು ಅಂದ್ರು. ಪೂಜಿ ತಪ್ಪಬಾರ್ದಂತ ನಾನ ತಂದೆ.”

ಗೌಡರು ಎದ್ದು ನಿಂತರು. “ಗೊತ್ತಿಲ್ದ ತಂದಿ, ಅದನ್ನ ನುಂಗ್ತೀನಿ. ತಪ್ಪನ್ನ ಬಡವನ ತಲಿಗೆ ಕಟ್ಟಿದ್ಯಲ್ಲೋ? ಮೊದ್ಲು ಸಾಬರ ಕಾಲ ಹಿಡಿ. ಆಮೇಲ ನನ್ನ ಮನಿಗೆ ಬರಬ್ಯಾಡ.”

ವೀರೇಶ ಬಾಗಿದಾಗ ಸಾಬರು ಕಾಲು ಹಿಂದಕ್ಕೆಳೆದುಕೊಂಡರು. ನಾನು ಮಾತ್ರ ಗೆದ್ದ ನಗೆಯನ್ನು ಒಳಗೆಳೆದುಕೊಳ್ಳಲು ತಿಳಿಯದೆ ಹಲ್ಲುಬಿಟ್ಟುಕೊಂಡೇ ನಿಂತಿದ್ದೆ.

ನಿರಪರಾಧಿಯನ್ನು ಬಿಡಿಸುವ ಸತ್ಯ ಇನ್ನೊಬ್ಬನ ಮನೆ ಬಾಗಿಲು ಮುಚ್ಚಿಸಬಹುದು. ಆದರೂ ಹೇಳಲೇಬೇಕು, ಕುಣಿಯದೆ ಹೇಳಬೇಕು. ಕೆಲಸ ನನಗೆ ಕಲಿಸಿದ್ದು ಇಷ್ಟೇ.