ಕೆಳಗಿಳಿದ ಚಹಾದಂಗಡಿ

ಹೆಟ್ಟಿ ಚೆಸೆಲ್ ಹಟಮಾರಿ ಎಂದು ಊರಲ್ಲಿ ಆಡಿಕೊಳ್ಳುವವರೆಲ್ಲ ಅವಳ ಚಹಾ ಕುಡಿದವರೇ. ಕಡಲಿಗೆ ಮುಖ ಮಾಡಿದ ಜೇಡಿಮಣ್ಣಿನ ಕಡಿದಾದ ದಿಬ್ಬ, ಅದರ ನೆತ್ತಿಯ ಮೇಲೆ ಅವಳ ಮರದ ಗೂಡಂಗಡಿ. ಪ್ರತಿ ಚಳಿಗಾಲದಲ್ಲೂ ದಿಬ್ಬದ ಅಂಚು ಒಂದಿಷ್ಟು ಕುಸಿಯುತ್ತದೆ. ಅದಕ್ಕೇ ಅಂಗಡಿಯನ್ನು ಹಳೆಯ ದೋಣಿಯ ತೊಲೆಗಳ ಮೇಲೆ ಕೂರಿಸಿದ್ದಾಳೆ. ಪ್ರತಿ ವರ್ಷ ಅಕ್ಟೋಬರಿನ ಒಂದು ಭಾನುವಾರ ನಾವೆಲ್ಲ ಹಗ್ಗ ಹಾಕಿ ಅದನ್ನು ಹಿಂದಕ್ಕೆಳೆಯುತ್ತೇವೆ. ಎಳೆದವರಿಗೆ ಒಣದ್ರಾಕ್ಷಿಯ ಬನ್ನು ಪುಕ್ಕಟೆ.

ದಿಬ್ಬವನ್ನು ಯಾರೂ ಮುಟ್ಟಕೂಡದೆಂದು ಕಾಯಿದೆ ಇದೆ. ಏಕೆಂದರೆ ಅದು ಕುಸಿದಾಗಲೆಲ್ಲ ಒಳಗಿಂದ ಯಾವುದೋ ಕಾಲದ, ಕಲ್ಲಾದ ಶಂಖಗಳು ಹೊರಬರುತ್ತವೆ. ಹಸಿಮಣ್ಣಿನಲ್ಲಿ ಬೇರೆ ಕಡೆ ಕಾಣದ ಗಿಡಗಳು ಏಳುತ್ತವೆ.

ಈ ಸಲ ಎಳೆಯಲು ಹಿಂದೆ ಜಾಗವೇ ಇರಲಿಲ್ಲ. ಅಲ್ಲಿ ಗಾಸ್ಕಿನ್ ಎಂಬಾತನ ರಜಾ ಬಂಗಲೆಗಳ ಬೇಲಿ ಬಂದಿತ್ತು. ನಾವು ಹಗ್ಗ ಹಿಡಿದು ನಿಂತಿದ್ದಾಗ ಅವನೇ ಬಂದ.

"ಮಿಸೆಸ್ ಚೆಸೆಲ್, ದಿಬ್ಬದ ಬುಡಕ್ಕೆ ಕಾಂಕ್ರೀಟ್ ಗೋಡೆ ಕಟ್ಟಿಸ್ತೀನಿ. ಬಡವಿಯ ಅನ್ನಕ್ಕೆ ಕುತ್ತು ಅಂತ ನೀವು ಕೇಳಿದ್ರೆ ಕಾಯಿದೆ ಇದ್ರೂ ಸರ್ಕಾರದವರು ಒಪ್ತಾರೆ. ನೀವು ಹೂಂ ಅನ್ನಿ, ಬೇಲಿ ಹಿಂದಕ್ಕೆ ಸರಿಸ್ತೀನಿ."

"ನಿನ್ನ ಬಂಗಲೆ ಉಳಿಸೋಕೆ ನನ್ನ ಬಡತನ ಬೇಕಾಯ್ತಾ?"

"ನಿಮ್ಮಂಗಡೀನೂ ಉಳಿಯುತ್ತಲ್ಲ."

"ಕುಸೀದೆ ಇದ್ರೆ ಅದೆಂಥ ದಿಬ್ಬ? ಹಸಿಮಣ್ಣು ಕಾಣದೆ ಬರೀ ಮುಳ್ಳುಪೊದೆ ಬೆಳೆಯುತ್ತೆ. ಹೋಗಪ್ಪ."

ನನಗೆ ತಡೆಯಲಾಗಲಿಲ್ಲ. "ಒಪ್ಕೊಂಬಿಡು ಹೆಟ್ಟಿ, ಹೊಟ್ಟೆ ತುಂಬಿದ ಮೇಲೆ ಜಗಳ ಆಡೋಣ" ಎಂದೆ.

"ವಿಲ್ಫ್, ನಿನ್ನ ಬಾಯಿಗೆ ಬನ್ನು ಹಾಕ್ಕೋ" ಎಂದಳು. ಏನೂ ಎಳೆಯದಿದ್ದರೂ ಎಲ್ಲರಿಗೂ ಬನ್ನು ಹಂಚಿದಳು. ಆಮೇಲೆ ಕೆಟಲ್ಲು, ಒಲೆ, ಬಟ್ಟಲುಗಳನ್ನು ಮನೆಗೆ ಸಾಗಿಸಿದಳು.

ಫೆಬ್ರವರಿಯ ಗಾಳಿಮಳೆಗೆ ಅಂಚಿನ ಜೊತೆ ಅಂಗಡಿಯೂ ಜಾರಿಹೋಯಿತು. "ಹಟಕ್ಕೆ ಬಿದ್ದು ಕೆಟ್ಟಳು" ಎಂದು ಗಾಸ್ಕಿನ್ ಊರೆಲ್ಲ ಹೇಳಿಕೊಂಡು ಬಂದ. ನನಗೆ ಅವನ ಮೇಲೆ ಸಿಟ್ಟು, ಹೆಟ್ಟಿಯ ಮೇಲೆ ಇನ್ನೂ ಹೆಚ್ಚು ಸಿಟ್ಟು. ಇನ್ನು ಆ ಚಹಾ ಎಲ್ಲಿ ಸಿಗಬೇಕು?

ಮಾರ್ಚಿನಲ್ಲೊಂದು ದಿನ ಕಡಲತೀರದಿಂದ ಹೊಗೆ ಏಳುತ್ತಿತ್ತು. ಓಡಿಹೋಗಿ ನೋಡಿದೆ. ಕುಸಿದ ಮಣ್ಣಿನ ಮೇಲೆ ಅಂಗಡಿ ಮುರಿಯದೆ, ಒಂದು ಕಡೆಗೆ ವಾಲಿ ಕೂತಿತ್ತು. ಸುತ್ತಲೂ ಎಲೆಗೂ ಮೊದಲೇ ಅರಳುವ ಹಳದಿ ಹೂಗಳು. ಹೆಟ್ಟಿ ರಬ್ಬರ್ ಬೂಟು ಹಾಕಿಕೊಂಡು, ವಾಲಿದ ಕಡೆಗೆ ಕಲ್ಲು ಕೊಟ್ಟು, ಒಲೆ ಹಚ್ಚಿದ್ದಳು.

ಮೇಲೆ ಬೇಲಿಗೆ ಒರಗಿ ನಿಂತಿದ್ದ ಗಾಸ್ಕಿನ್ ಕೂಗಿದ: "ಅಂಗಡಿ ಹೋಯ್ತಲ್ಲ, ಮಿಸೆಸ್ ಚೆಸೆಲ್."

ಬೇಲಿಯ ಎರಡು ಗೂಟ ಆಗಲೇ ಬುಡದ ಮಣ್ಣು ಜಾರಿ ಗಾಳಿಯಲ್ಲಿ ನೇತಾಡುತ್ತಿದ್ದವು.

"ಹೋಗಿಲ್ಲ, ಕೆಳಗಿಳಿದಿದೆ" ಎಂದಳು ಹೆಟ್ಟಿ, ಕೆಟಲ್ಲಿಗೆ ನೀರು ಸುರಿಯುತ್ತಾ. "ಪಕ್ಕದಲ್ಲಿ ನಿನ್ನ ಬಂಗಲೆಗೂ ಜಾಗ ಇಟ್ಟಿದೀನಿ, ಬಾ."