ನೀಲಿ ಕಲ್ಲಿನ ಓಲೆಗಳು

ಕೊಪ್ಪದಲ್ಲಿ ಗುಡುಗಿದ ಕೂಡಲೇ ಕರೆಂಟು ಹೋಗುತ್ತಿದ್ದ ಕಾಲ ಅದು. ಏಪ್ರಿಲ್ ಮುಗಿಯುತ್ತ ಬಂದರೆ ಸಾಕು, ಮಧ್ಯಾಹ್ನ ಮೂರರ ಹೊತ್ತಿಗೆ ಗುಡ್ಡದ ಕಡೆ ಮೋಡ ಕಟ್ಟುತ್ತಿತ್ತು. ಮಳೆ ಬರುತ್ತಿತ್ತೋ ಇಲ್ಲವೋ, ಕರೆಂಟು ಮಾತ್ರ ತಪ್ಪದೆ ಹೋಗುತ್ತಿತ್ತು. ಗುಡುಗಿಗೂ ಲೈನ್‌ಮನ್‌ಗೂ ಏನೋ ಒಳಗೊಳಗೆ ಮಾತುಕತೆ ಆಗಿದೆ ಎಂದು ನನಗೆ ಬಲವಾದ ಅನುಮಾನ. ಆಗ ನನಗೆ ಹತ್ತು ವರ್ಷ. ಹಾಲಿನವರು ನೀರು ಬೆರೆಸುತ್ತಾರೆ ಎಂಬ ಅನುಮಾನ ಎಲ್ಲರಿಗೂ ಇರುತ್ತದೆ. ನನಗೆ ನಮ್ಮ ಅಮ್ಮನೇ ಬೆರೆಸುತ್ತಾಳೆ ಎಂಬ ಅನುಮಾನವಿತ್ತು. "ಈ ಕೂಸಿಗೆ ಹುಟ್ಟಿದ್ ದಿನವೇ ಸಂಶಯ, ನನ್ನ ಮುಖ ನೋಡಿ ಇವಳೇ ಅಮ್ಮ ಹೌದೋ ಅಲ್ವೋ ಅಂತ ಯೋಚ್ನೆ ಮಾಡ್ತಿತ್ತು" ಎಂದು ಅಮ್ಮ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ಈಗ ನನಗೆ ಮೂವತ್ತು ದಾಟಿದೆ. ನರಸಿಂಹರಾಜಪುರದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತೇನೆ. ಸಂಜೆ ಉತ್ತರಪತ್ರಿಕೆ ತಿದ್ದಿ ಮುಗಿದ ಮೇಲೆ ಗೇಮ್ ಆಡುತ್ತೇನೆ. ಇದನ್ನು ಹೇಳಿದರೆ ಸ್ಟಾಫ್ ರೂಮಿನಲ್ಲಿ ನನ್ನನ್ನು ಒಂದು ಥರ ನೋಡುತ್ತಾರೆ, ನೋಡಲಿ. ಗುಂಡು ಹಾರಿಸುವ ಆಟವಲ್ಲ, ಕಾರು ಓಡಿಸುವುದೂ ಅಲ್ಲ. ನಾವೇ ಒಂದು ಪಾತ್ರವಾಗಿ ಊರೂರು ಅಲೆದು, ಸಂಗಡಿಗರನ್ನು ಕೂಡಿಸಿಕೊಂಡು, ಕತ್ತಿ ಗುರಾಣಿ ಗಳಿಸುತ್ತ ಕತೆಯ ಕೊನೆ ಮುಟ್ಟುವ ಆಟಗಳು ನನಗಿಷ್ಟ. ಇಂಥವನ್ನು ಎಷ್ಟೋ ಆಡಿದ್ದೇನೆ. ಕೆಲವು ಕೈ ಹಿಡಿದು ಒಂದೇ ದಾರಿಯಲ್ಲಿ ನಡೆಸುತ್ತವೆ. ಕೆಲವು ಇಡೀ ಲೋಕವನ್ನೇ ತೆರೆದಿಟ್ಟು, ಎಲ್ಲಿಗಾದರೂ ಹೋಗು ಎನ್ನುತ್ತವೆ. ಯಾವುದು ಹೆಚ್ಚು ಖುಷಿ ಎಂದು ಮಕ್ಕಳು ಕೇಳುತ್ತಾರೆ. ಉತ್ತರ ಹೇಳಲು ಹೊರಟಾಗಲೆಲ್ಲ ನನಗೆ ಆ ಒಂದು ಬೇಸಿಗೆ ರಜೆ ನೆನಪಾಗುತ್ತದೆ.

ಅಪ್ಪನದು ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ರೇಡಿಯೋ, ಟೀವಿ ರಿಪೇರಿ ಅಂಗಡಿ. ಅಂಗಡಿಯ ಹಿಂದೆಯೇ ನಮ್ಮ ಮನೆ. ಕಾದ ಸೀಸದ ಹೊಗೆಯ ವಾಸನೆ ಅಂಗಡಿಯಿಂದ ಅಡುಗೆಮನೆಯವರೆಗೂ ಬರುತ್ತಿತ್ತು. ಯಾವುದೋ ಎಸ್ಟೇಟಿನವರು ಜೀಪಿನಲ್ಲಿ ಬಂದು, ಟೀವಿಗೆ ಜೋಡಿಸಿ ಆಡುವ ಒಂದು ಬೂದು ಬಣ್ಣದ ಪೆಟ್ಟಿಗೆಯನ್ನು ರಿಪೇರಿಗೆ ಕೊಟ್ಟು ಹೋದರು. ಅಪ್ಪ ಎರಡೇ ದಿನದಲ್ಲಿ ಸರಿ ಮಾಡಿದರು. ಎಸ್ಟೇಟಿನವರು ಮಾತ್ರ ಬರಲೇ ಇಲ್ಲ. "ಸರಿಯಾಗಿದ್ಯಾ ಅಂತ ನಾಕು ದಿನ ಓಡ್ಸಿ ನೋಡ್ಬೇಕು" ಎಂದು ಅಪ್ಪ ಅದನ್ನು ನಡುಮನೆಯ ಟೀವಿಗೆ ಹಚ್ಚಿಕೊಟ್ಟರು. ಆ ನಾಕು ದಿನ ಇಡೀ ರಜೆಗೆ ಹಬ್ಬಿತು. ರಸ್ತೆಯಲ್ಲಿ ಜೀಪಿನ ಸದ್ದಾದರೆ ಸಾಕು, ನಾನು ಪೆಟ್ಟಿಗೆಯನ್ನು ಬಿದಿರ ಬುಟ್ಟಿಯ ಕೆಳಗೆ ಕವುಚಿ, ಮೇಲೆ ಕೂತುಬಿಡುತ್ತಿದ್ದೆ.

ಪೆಟ್ಟಿಗೆಯ ಜೊತೆ ಇದ್ದದ್ದು ಒಂದೇ ಡಿಸ್ಕ್. ಹಾಕಿದರೆ ಚಂದದ ಸಂಗೀತ, ಕತ್ತಿ ಹಿಡಿದ ಒಬ್ಬ ಹುಡುಗ, ಬಿಳಿ ಮುಸುಕಿನ ಒಂದು ಹುಡುಗಿ, ಗಡ್ಡದ ಒಬ್ಬ ಮುದುಕ. ಮೂವರೂ ಬಾಯಿ ತೆರೆದರೆ ಕೆಳಗೆ ಅಕ್ಷರಗಳು ಬರುತ್ತಿದ್ದವು. ಕನ್ನಡ ಅಲ್ಲ, ಇಂಗ್ಲಿಷ್ ಅಲ್ಲ, ಹಿಂದಿಯೂ ಅಲ್ಲ. ಒಂದು ಅಕ್ಷರ ಏಣಿಯ ಹಾಗೆ, ಒಂದು ಕೊಕ್ಕೆಯ ಹಾಗೆ, ಮತ್ತೊಂದು ಸೂರಿನ ಹಾಗೆ. ಅಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿ, "ಇದು ಜಪಾನಿಂದು" ಎಂದು ಕೈಚೆಲ್ಲಿದರು.

ಆಗ ನಮಗೆ ನೆನಪಾದವನು ಗಣಪಣ್ಣ. ಕಿಗ್ಗದ ದೊಡ್ಡಮ್ಮನ ಮಗ. ಹದಿನೇಳು ವರ್ಷ, ರಜೆಗೆಂದು ನಮ್ಮ ಮನೆಗೆ ಬಂದಿದ್ದ. ಅವನ ಅಜ್ಜ ಅವನಿಗೆ ಹಳೆಯ ತಾಳೆಗರಿಗಳ ತಿಗಳಾರಿ ಲಿಪಿ ಓದಲು ಕಲಿಸಿದ್ದರು. ಶೃಂಗೇರಿ ಕಡೆಯ ಎಷ್ಟೋ ಮನೆಗಳ ಅಟ್ಟದ ಮೇಲಿನ ಗರಿಗಳನ್ನು, ಮನೆಯವರಿಗೇ ಓದಲು ಬಾರದವನ್ನು, ಇವನು ಸರಾಗವಾಗಿ ಓದುತ್ತಿದ್ದ. ಅಂಥ ಜಿಲೇಬಿಯಂಥ ಅಕ್ಷರ ಓದುವವನಿಗೆ ಜಪಾನಿನದು ಯಾವ ಲೆಕ್ಕ ಎಂದು ನಮ್ಮ ಮನೆಯಲ್ಲಿ ಎಲ್ಲರೂ ತೀರ್ಮಾನಿಸಿದರು. ಅಮ್ಮನಂತೂ, "ನಮ್ ಮಾಣಿಗೆ ಬರದಿದ್ದ ಅಕ್ಷರ ಯಾವುದುಂಟು" ಎಂದಳು.

ಗಣಪಣ್ಣ ಪರದೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ನನ್ನನ್ನು ನೋಡಿದ. ಆಮೇಲೆ ನನ್ನ ಪಕ್ಕ ಕೂತಿದ್ದ ಭಾರತಿಯನ್ನು ನೋಡಿದ.

"ಸ್ವಲ್ಪ ಸ್ವಲ್ಪ ತಿಳೀತದೆ" ಎಂದ.

ಭಾರತಿ ನನ್ನ ಕ್ಲಾಸಿನವಳು. ಅಂಗಡಿಯ ಹಿಂದಿನ ಬೀದಿಯಲ್ಲಿ ಅವಳೂ ಅಜ್ಜಿಯೂ ಇದ್ದರು. ಅಜ್ಜಿ ತೋಟದ ಕೆಲಸಕ್ಕೆ ಹೋಗುತ್ತಿದ್ದರು. ಅವಳ ಅಮ್ಮ ಕೊಡಗಿನ ಎಸ್ಟೇಟಿಗೆ ಕೆಲಸಕ್ಕೆ ಹೋಗಿ ಒಂದು ವರ್ಷದ ಮೇಲಾಗಿತ್ತು. ಮೊದಮೊದಲು ಯಾರ ಕೈಯಲ್ಲಾದರೂ ಮಾತು ಹೇಳಿ ಕಳಿಸುತ್ತಿದ್ದರಂತೆ, ಆಮೇಲೆ ಅದೂ ನಿಂತಿತ್ತು. ಈ ವಿಷಯ ಬೀದಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಅರ್ಥವಾಗುವುದು ಬೇರೆ.

ಕತೆ ಶುರುವಾಯಿತು. ಗಣಪಣ್ಣ ಕತ್ತಿಯವನಿಗೆ ಮಾಣಿ, ಮುಸುಕಿನವಳಿಗೆ ಕೂಸು, ಗಡ್ಡದವನಿಗೆ ಭಟ್ರು ಎಂದು ಹೆಸರಿಟ್ಟ. ಕೂಸಿನ ಅಮ್ಮ ಏಳು ಹೊಳೆಗಳ ಆಚೆ ಒಂದು ಮದ್ದಿನ ಬೇರು ತರಲು ಹೋಗಿದ್ದಾಳೆ. ಅವಳನ್ನು ಹುಡುಕಿಕೊಂಡು ಇವರು ಮೂವರೂ ಹೊರಟಿದ್ದಾರೆ. ದಾರಿಯಲ್ಲಿ ಅಲ್ಲಲ್ಲಿ ನೀಲಿ ಬೆಳಕಿನ ಒಂದು ಕಲ್ಲು ಬರುತ್ತಿತ್ತು. ಅದರ ಮುಂದೆ ನಿಂತು ಗುಂಡಿ ಒತ್ತಿದರೆ ಅಕ್ಷರಗಳು ಮೂಡುತ್ತಿದ್ದವು. "ಇದು ಅಮ್ಮ ಬರೆದಿಟ್ಟು ಹೋದ ಓಲೆ" ಎಂದ ಗಣಪಣ್ಣ. ಓದಿದ: "ಕೂಸೇ, ಮೊದಲ್ನೆ ಹೊಳೆ ದಾಟಿದೆ. ನೀರು ತಣ್ಣಗಿತ್ತು. ನೀನು ತಲೆ ಬಾಚ್ಕೊಂಡ್ಯಾ?"

ಭಾರತಿ ತಟ್ಟನೆ ತನ್ನ ತಲೆ ಮುಟ್ಟಿ ನೋಡಿಕೊಂಡಳು. ನಾನು ಅದನ್ನು ನೋಡಿ ನಕ್ಕೆ.

ಆಟವನ್ನು ನಿಲ್ಲಿಸಿದಲ್ಲಿಂದ ಮುಂದುವರಿಸಲು ಒಂದು ಮೆಮೊರಿ ಕಾರ್ಡ್ ಬೇಕಿತ್ತು. ಅದನ್ನು ಎಸ್ಟೇಟಿನವರು ಕೊಟ್ಟಿರಲಿಲ್ಲ. ಹಾಗೊಂದು ವಸ್ತು ಇದೆ ಎಂಬುದೇ ನಮಗೆ ಗೊತ್ತಿರಲಿಲ್ಲ. ಮೂರು ಗಂಟೆಗೆ ಗುಡುಗು, ಟೀವಿ ಕಪ್ಪು, ಮರುದಿನ ಮತ್ತೆ ಮೊದಲಿನಿಂದ. ದಿನವೂ ಅದೇ ಹಳ್ಳಿ, ಅದೇ ಸೇತುವೆ, ಅದೇ ತೋಳಗಳು. ಈಗ ಯಾರಾದರೂ ನನಗೆ ಹಾಗೆ ಆಡು ಎಂದರೆ ಆಟದ ರಿಮೋಟು ಎಸೆದು ಎದ್ದುಹೋಗುತ್ತೇನೆ. ಆಗ ಒಂದು ದಿನವೂ ಬೇಸರವಾಗಲಿಲ್ಲ. ಯಾಕೆಂದರೆ ಹಳ್ಳಿ ಅದೇ ಆದರೂ ಗಣಪಣ್ಣನ ಮಾತು ಅದೇ ಅಲ್ಲ. ನಿನ್ನೆ ದಾರಿ ಹೇಳಿದ ಮುದುಕಿ ಇವತ್ತು ಹಲಸಿನ ಹಣ್ಣು ಕಳುವಾದ ದೂರು ಹೇಳುತ್ತಿದ್ದಳು. ಓಲೆಯೂ ದಿನಾ ಹೊಸತು. "ಒಂದೇ ಕಲ್ಲಲ್ವಾ?" ಎಂದು ನಾನು ಕೇಳಿದರೆ, "ದಿನಾ ಹೊಸ ಓಲೆ ಬರ್ತದೆ ಮಾರಾಯ್ತಿ, ಪೋಸ್ಟಿನವರು ದಿನಾ ಬರಲ್ವಾ?" ಎನ್ನುತ್ತಿದ್ದ. ಅಮ್ಮ ಹಲಸಿನ ಹಪ್ಪಳ ಸುಟ್ಟು, ಕೊಬ್ಬರಿ ಎಣ್ಣೆ ಸವರಿ ತಂದಿಡುತ್ತಿದ್ದಳು. ಆ ಎಣ್ಣೆಗೈಯಲ್ಲೇ ಗುಂಡಿ ಒತ್ತಿ ಒತ್ತಿ ರಿಮೋಟು ಹಪ್ಪಳದ ವಾಸನೆ ಹೊಡೆಯುತ್ತಿತ್ತು.

ಓಲೆಗಳಲ್ಲಿ ಎರಡನೇ ಹೊಳೆ ಆಯಿತು, ಮೂರನೆಯದಾಯಿತು. ಟೀವಿ ನಮ್ಮದು, ರಿಪೇರಿ ಮಾಡಿದ್ದು ನನ್ನ ಅಪ್ಪ, ಹಪ್ಪಳ ನನ್ನ ಅಮ್ಮನದು. ಆದರೆ ಓಲೆ ಓದುವಾಗ ಗಣಪಣ್ಣ ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಭಾರತಿ ಕೆಮ್ಮಿದ ದಿನ ಓಲೆಯಲ್ಲಿ ಶುಂಠಿ ಕಷಾಯದ ಮಾತು ಬಂತು. ಅವಳ ಲಂಗ ಹರಿದ ದಿನ, "ಹರಿದದ್ದನ್ನ ಹೊಲ್ಕೋ ಕೂಸೇ, ಬಂದ್ಮೇಲೆ ಹೊಸತು ತರ್ತೇನೆ" ಎಂದು ಬಂತು. ಜಪಾನಿನಲ್ಲಿ ಕೂತು ಆಟ ಮಾಡಿದವನಿಗೆ ಕೊಪ್ಪದ ಲಂಗ ಹರಿದದ್ದು ಹೇಗೆ ಗೊತ್ತಾಯಿತು? ನನ್ನ ಅನುಮಾನ ಎದ್ದು ಕೂತಿತು.

ನಾನು ಪತ್ತೇದಾರಿಗೆ ಇಳಿದೆ. ಕಾಪಿ ಬರೆಯುವ ಪುಸ್ತಕದ ಕೊನೇ ಹಾಳೆಯಲ್ಲಿ ನೀಲಿ ಕಲ್ಲಿನ ಅಕ್ಷರಗಳನ್ನು ಒಂದೊಂದಾಗಿ ಬರೆದುಕೊಂಡೆ. ಬರೆದೆ ಎನ್ನುವುದಕ್ಕಿಂತ ಚಿತ್ರ ಬಿಡಿಸಿದೆ. ಏಣಿ, ಕೊಕ್ಕೆ, ಸೂರು, ಬಾಲ ಎತ್ತಿದ ಬೆಕ್ಕು. ಪಕ್ಕದಲ್ಲಿ ಗಣಪಣ್ಣ ಆ ದಿನ ಓದಿದ್ದನ್ನು ಕನ್ನಡದಲ್ಲಿ ಬರೆದೆ. ಒಂದು ವಾರ ಹೀಗೆ ಮಾಡಿದೆ, ಬೇರೆ ಬೇರೆ ಕಲ್ಲುಗಳ ಮುಂದೆಯೂ ಮಾಡಿದೆ. ಎಲ್ಲ ಕಡೆಯೂ ಅದೇ ಏಣಿ, ಅದೇ ಕೊಕ್ಕೆ, ಅದೇ ಬೆಕ್ಕು. ಓಲೆ ಮಾತ್ರ ಏಳು ಥರ, ಒಂದರಲ್ಲಿ ಶುಂಠಿ ಕಷಾಯ ಕುಡಿದ್ಯಾ ಎಂದು, ಇನ್ನೊಂದರಲ್ಲಿ ಲಂಗ ಹೊಲ್ಕೊಂಡ್ಯಾ ಎಂದು. ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಪರೀಕ್ಷೆಯಲ್ಲಿ ನಕಲು ಹೊಡೆಯುವವರನ್ನು ಹಿಡಿದಾಗ ಈಗಲೂ ಅಂಥದೇ ಒಂದು ಖುಷಿಯಾಗುತ್ತದೆ. ಆಮೇಲೆ ಮುಖ ತೊಳೆದುಕೊಳ್ಳಬೇಕು ಅನಿಸುತ್ತದೆ.

ಆರನೇ ಹೊಳೆ ದಾಟಿದ ಓಲೆ ಬಂದಿತ್ತು. "ಇನ್ನೊಂದೇ ಹೊಳೆ ಕೂಸೇ. ಬೇರು ಸಿಕ್ಕಿದೆ. ಬಾಗ್ಲು ಹಾಕ್ಬೇಡ" ಎಂದು ಓದಿದ್ದ ಗಣಪಣ್ಣ. ಮರುದಿನ ಭಾರತಿ ಎಂದಿಗಿಂತ ಬೇಗ ಬಂದು, ಟೀವಿಯ ಎದುರು ಕಾಲು ಮಡಚಿ ಕೂತಿದ್ದಳು. ಮಾಣಿ, ಕೂಸು, ಭಟ್ರು ಮೂವರೂ ಸೇತುವೆ ದಾಟಿ ನೀಲಿ ಕಲ್ಲಿನ ಎದುರು ನಿಂತರು. ಅಕ್ಷರ ಮೂಡಿತು. ಗಣಪಣ್ಣ ಗಂಟಲು ಸರಿಮಾಡಿಕೊಂಡ.

"ಒಂದ್ನಿಮಿಷ" ಎಂದೆ ನಾನು. ಪುಸ್ತಕ ತೆರೆದು ಅವನ ಮುಂದೆ ಹಿಡಿದೆ. "ಸೋಮವಾರ ಈ ಅಕ್ಷರಕ್ಕೆ ಶುಂಠಿ ಕಷಾಯ ಅಂದೆ. ಬುಧವಾರ ಇದಕ್ಕೇ ಲಂಗ ಅಂದೆ. ನಿನ್ನೆ ಇದೇ ಬೆಕ್ಕಿಗೆ ಬೇರು ಅಂದೆ. ನಿಂಗೆ ಜಪಾನಿ ಬರಲ್ಲ. ಎಲ್ಲ ಸುಳ್ಳು."

ಗಣಪಣ್ಣನ ಕಿವಿ ಕೆಂಪಾಯಿತು. ಹಪ್ಪಳ ತಂದ ಅಮ್ಮ ಬಾಗಿಲಲ್ಲೇ ನಿಂತು, "ಅಧಿಕಪ್ರಸಂಗಿ" ಎಂದಳು. ನಾನು ಗೆದ್ದ ಹುಮ್ಮಸ್ಸಿನಲ್ಲಿ ಭಾರತಿಯ ಕಡೆ ತಿರುಗಿದೆ, ಅವಳು ಮೆಚ್ಚುತ್ತಾಳೆ ಎಂದು. ಅವಳು ಪರದೆಯನ್ನೇ ನೋಡುತ್ತಿದ್ದಳು.

"ಅಜ್ಜಿ ಕರೀತಿದಾರೆ ಅನ್ಸತ್ತೆ" ಎಂದು ಎದ್ದಳು. ಯಾರೂ ಕರೆದಿರಲಿಲ್ಲ. ಅಜ್ಜಿ ತೋಟಕ್ಕೆ ಹೋಗಿದ್ದರು.

ಮಾರನೆ ದಿನ ಭಾರತಿ ಬರಲಿಲ್ಲ. ನಾನೇ ಪೆಟ್ಟಿಗೆ ಹಚ್ಚಿ, ಕಲ್ಲಿನವರೆಗೂ ಹೋಗಿ, "ಗಣಪಣ್ಣ, ಸುಳ್ಳಾದ್ರೂ ಅಡ್ಡಿಲ್ಲ, ಹೇಳು" ಎಂದೆ. ಅವನು ಕಿಟಕಿಯ ಹತ್ತಿರ ಪುಸ್ತಕ ಹಿಡಿದು ಕೂತಿದ್ದ. "ನಂಗೆ ಓದಕ್ಕೆ ಬರಲ್ಲ ಅಂತ ನೀನೇ ಕಂಡುಹಿಡಿದ್ಯಲ್ಲ ಕೂಸೇ" ಎಂದ. ಸಿಟ್ಟಿರಲಿಲ್ಲ ಅವನ ದನಿಯಲ್ಲಿ. ಸಿಟ್ಟಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಎರಡು ದಿನ ಬಿಟ್ಟು ಶೃಂಗೇರಿ ಬಸ್ಸು ಹತ್ತಿ ಊರಿಗೆ ಹೋದ.

ನನ್ನ ಸಪ್ಪೆ ಮುಖ ನೋಡಲಾರದೆ ಅಪ್ಪ ಶಿವಮೊಗ್ಗದಿಂದ ಇನ್ನೊಂದು ಡಿಸ್ಕ್ ತರಿಸಿದರು. ಅದೂ ಇಂಥದೇ ಆಟ, ಆದರೆ ಇಂಗ್ಲಿಷಿನದು. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಆಡಿದೆ. ಚಿತ್ರ ಇನ್ನೂ ಚಂದ, ಕತ್ತಿಗಳು ಇನ್ನೂ ದೊಡ್ಡವು. ಒಬ್ಬ ಗೌಡ, "ಉಗ್ರಾಣದ ಹತ್ತು ಇಲಿ ಕೊಂದು ಬಾ" ಎಂದ. ಕೊಂದು ಬಂದೆ. "ಇನ್ನು ಇಪ್ಪತ್ತು ಕೊಂದು ಬಾ" ಎಂದ. ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅನುಮಾನ ಪಡಲು ಏನೂ ಇರಲಿಲ್ಲ, ಪಕ್ಕದಲ್ಲಿ ಯಾರೂ ಇರಲಿಲ್ಲ. ಮೂರನೇ ದಿನಕ್ಕೆ ನಿಲ್ಲಿಸಿದೆ. ಜೂನಿನ ಮೊದಲ ವಾರ ಜೀಪು ಬಂತು. ನಾನು ಬುಟ್ಟಿ ಹುಡುಕಲಿಲ್ಲ. ಪೆಟ್ಟಿಗೆಯನ್ನು ನಾನೇ ಒರೆಸಿ, ವೈರು ಸುತ್ತಿ ತಂದುಕೊಟ್ಟೆ.

ಶಾಲೆ ಶುರುವಾದ ಮೇಲೆ ಭಾರತಿ ಮಾತಾಡುತ್ತಿದ್ದಳು, ಮೊದಲಿನ ಹಾಗೆಯೇ. ನಮ್ಮ ಮನೆಗೆ ಮಾತ್ರ ಬರಲಿಲ್ಲ. ಅವಳ ಅಮ್ಮನೂ ಬರಲಿಲ್ಲ, ಆ ವರ್ಷವೂ, ಆಮೇಲೂ.

ಕಳೆದ ರಜೆಯಲ್ಲಿ ಆ ಹಳೆಯ ಆಟ ನನಗೆ ಮತ್ತೆ ಸಿಕ್ಕಿತು. ಈಗ ಅಂಥವೆಲ್ಲ ಲ್ಯಾಪ್‌ಟಾಪಿನಲ್ಲೇ ಆಡಲು ಸಿಗುತ್ತವೆ. ಅದೇ ಸಂಗೀತ, ಅದೇ ಸೇತುವೆ. ನೀಲಿ ಕಲ್ಲಿನ ಎದುರು ನಿಂತು, ಮೊಬೈಲಿನ ಕ್ಯಾಮೆರಾ ಹಿಡಿದೆ. ಈಗಿನ ಮೊಬೈಲಿಗೆ ಯಾವ ಭಾಷೆಯೂ ಒಂದೇ. ಏಣಿ, ಕೊಕ್ಕೆ, ಬೆಕ್ಕು ಎಲ್ಲ ಕರಗಿ ಕನ್ನಡ ಮೂಡಿತು: "ಇಲ್ಲಿಯವರೆಗಿನ ಆಟವನ್ನು ಉಳಿಸಬೇಕೇ? ಹೌದು. ಇಲ್ಲ." ಅಷ್ಟೇ. ಮುಸುಕಿನ ಹುಡುಗಿ ಯಾವುದೋ ರಾಜನ ಮಗಳಂತೆ. ಅವಳಿಗೆ ಅಮ್ಮನ ಸುದ್ದಿಯೇ ಇಲ್ಲ. ಗಣಪಣ್ಣನಿಗೆ ಫೋನು ಮಾಡಿದೆ. ಅವನೀಗ ಮೈಸೂರಿನಲ್ಲಿ ಹಸ್ತಪ್ರತಿಗಳ ಕೆಲಸದಲ್ಲಿದ್ದಾನೆ. "ಎಂತೆಂತ ಹೇಳಿದ್ನೋ, ಒಂದೂ ನೆನಪಿಲ್ಲ ಮಾರಾಯ್ತಿ" ಎಂದು ನಕ್ಕ. ನನಗೆ ಅದರ ಮೇಲೂ ಅನುಮಾನವಿದೆ.

ಭಾರತಿ ಬಾಳೆಹೊನ್ನೂರಿನ ಬಸ್‌ಸ್ಟ್ಯಾಂಡ್ ಹತ್ತಿರ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ. ರವಿಕೆ ಕೊಡುವ ನೆಪದಲ್ಲಿ ಹೋದೆ. ಮೊಬೈಲಿನಲ್ಲಿದ್ದ ಚಿತ್ರ ತೋರಿಸಿ, ಅದರ ಅರ್ಥ ಹೇಳಿದೆ. ಇಷ್ಟು ವರ್ಷವಾದ ಮೇಲೆ ಕ್ಷಮೆ ಕೇಳುವುದು ಹೇಗೆಂದು ತಿಳಿಯದೆ, "ಗಣಪಣ್ಣ ಹೇಳಿದ್ದು ಸುಳ್ಳಾದ್ರೂ ಚಂದ ಇತ್ತು ಅಲ್ವಾ" ಎಂದೆ.

ಅವಳು ಚಿತ್ರವನ್ನು ಹತ್ತಿರ ಹಿಡಿದು ನೋಡಿದಳು. "ಇದೇ ಬೆಕ್ಕು" ಎಂದಳು. "ಎಲ್ಲಾ ಕಲ್ಲಲ್ಲೂ ಇದೇ ಇರ್ತಿತ್ತು. ನಾನು ಎರಡನೇ ದಿನವೇ ನೋಡಿದ್ದೆ."

"ನೋಡಿದ್ಯಾ? ಮತ್ತೆ ಯಾಕೆ ಸುಮ್ನಿದ್ದೆ?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು, ಇಷ್ಟು ದೊಡ್ಡ ಟೀಚರಿಗೆ ಇಷ್ಟೂ ತಿಳಿಯುವುದಿಲ್ಲವೇ ಎನ್ನುವ ಹಾಗೆ.

"ಮುಂದಿನ ಓಲೆ ಬರ್ಬೇಕಿತ್ತಲ್ಲ ಮಾರಾಯ್ತಿ" ಎಂದಳು. ಟೇಪು ಎತ್ತಿಕೊಂಡು ನನ್ನ ಭುಜದ ಅಳತೆ ತೆಗೆಯತೊಡಗಿದಳು.

ಈಗ ನಾನು ಆಡುವ ಆಟಗಳು ತಾವೇ ಹೊತ್ತುಹೊತ್ತಿಗೆ ಎಲ್ಲವನ್ನೂ ಉಳಿಸಿಕೊಳ್ಳುತ್ತವೆ, ಕರೆಂಟು ಹೋದರೂ ಏನೂ ಕಳೆಯುವುದಿಲ್ಲ. ಪ್ರತಿ ಅಕ್ಷರವೂ ಓದಲು ಬರುತ್ತದೆ. ಕೊನೆಯವರೆಗೂ ಆಡಿ ಮುಗಿಸುತ್ತೇನೆ, ಮುಗಿಸಿದ್ದು ಒಂದು ವಾರದಲ್ಲಿ ಮರೆತುಹೋಗುತ್ತದೆ. ಮರೆಯದೆ ಉಳಿದಿರುವುದು ಅದೊಂದೇ, ಮುಗಿಯದೆ ಹೋದದ್ದು. ಆ ದಿನ ಗಣಪಣ್ಣ ಗಂಟಲು ಸರಿಮಾಡಿಕೊಂಡು ಬಾಯಿ ತೆರೆದಿದ್ದ. ಏಳನೇ ಹೊಳೆಯ ಓಲೆ ಅವನ ಬಾಯಲ್ಲೇ ಇತ್ತು. ಇನ್ನು ಒಂದೇ ಒಂದು ನಿಮಿಷ ನಾನು ಸುಮ್ಮನಿದ್ದಿದ್ದರೆ ಭಾರತಿಯ ಅಮ್ಮ ನಮ್ಮ ಟೀವಿಯೊಳಗಾದರೂ ಮನೆಗೆ ಬರುತ್ತಿದ್ದಳು.